ನೆರೆಗೆ ಮುಂಚೆ ಕೈ ಎಣಿಸಿ: ನದಿ ದಂಡೆಯ ತಾಲ್ಲೂಕಿನಲ್ಲಿ ಉದ್ಯೋಗ ಯೋಜನೆ ಮತ್ತು ವಿಪತ್ತು ಸಿದ್ಧತೆಯನ್ನು ಜೋಡಿಸುವ ಸಮಗ್ರ ಮಾರ್ಗದರ್ಶಿ

2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂತು. ಕೊಟ್ಟ ಹೆಣ್ಣುಮಕ್ಕಳು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದರು. ಮನೆಮನೆಯಲ್ಲಿ ಉಂಡಿ ಕಟ್ಟಿದ್ದರು, ಜೋಕಾಲಿ ಹಾಕಿದ್ದರು. ಅದೇ ಹೊತ್ತಿಗೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿದವು. ಆ ವರ್ಷ ಸರ್ಕಾರ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಘೋಷಿಸಿತು.

ಆಗ ನಾನು ನದಿ ದಂಡೆಯ ಒಂದು ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದೆ. ಊರಿನಿಂದ ಎಷ್ಟು ಜನರನ್ನು ಸಾಗಿಸಬೇಕು ಎಂದು ಕೇಳಿದರೆ ಪಡಿತರ ಚೀಟಿ ನೋಡಿ ಸಂಖ್ಯೆ ಹೇಳುತ್ತಿದ್ದರು. ತವರಿಗೆ ಬಂದ ಮಗಳು ಆ ಚೀಟಿಯಲ್ಲಿ ಇರಲಿಲ್ಲ, ಅವಳ ಕೂಸೂ ಇರಲಿಲ್ಲ. ದೋಣಿ ನಡೆಸುವವರ ಫೋನ್ ನಂಬರ್ ಹಳೆಯದು. ಅಡುಗೆಗೆ ಜನ ಬೇಕು ಎಂದು ಒಂದು ಕಚೇರಿ ಹುಡುಕುತ್ತಿದ್ದರೆ, ಅಡುಗೆ ಮಾಡಬಲ್ಲ ಮಹಿಳಾ ಸಂಘಗಳ ಪಟ್ಟಿ ಪಕ್ಕದ ಕಟ್ಟಡದಲ್ಲೇ ಇತ್ತು. ಕೈಗಳಿಗೇನೂ ಕೊರತೆ ಇರಲಿಲ್ಲ. ಅವು ಬೇರೆ ಬೇರೆ ಇಲಾಖೆಯ ಬೇರೆ ಬೇರೆ ರಿಜಿಸ್ಟರಿನಲ್ಲಿ ಇದ್ದವು, ಅಷ್ಟೇ.

ಊರಿಗೆ ಕೆಲಸ ಕೊಡುವ ಇಲಾಖೆಗಳನ್ನೂ ಆಪತ್ತಿನಲ್ಲಿ ಊರನ್ನು ಕಾಯುವ ಇಲಾಖೆಗಳನ್ನೂ ಒಂದೇ ಪಟ್ಟಿಗೆ, ಒಂದೇ ಕ್ಯಾಲೆಂಡರಿಗೆ ತರುವುದು ಹೇಗೆ ಎಂಬುದು ಈ ಬರಹದ ವಿಷಯ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ), ತಾಲ್ಲೂಕು ಪಂಚಾಯಿತಿ ಮತ್ತು ಕಂದಾಯ ಇಲಾಖೆಯವರು, ಪಂಚಾಯಿತಿ ಸದಸ್ಯರು, ಸಂಘದ ಅಕ್ಕಂದಿರು ಎಲ್ಲರಿಗೂ ಉಪಯೋಗ ಆಗಲಿ ಎಂದು ಬರೆದಿದ್ದೇನೆ. ಉದಾಹರಣೆಗಳೆಲ್ಲ ಕೃಷ್ಣಾ ಕೊಳ್ಳದವು. ಕೊಡಗಿನಲ್ಲೋ ಕರಾವಳಿಯಲ್ಲೋ ಇರುವವರು ನೀರಿನ ಮಟ್ಟದ ಜಾಗದಲ್ಲಿ ಗುಡ್ಡದ ಬಿರುಕನ್ನೂ ಮಳೆಯ ಮಿಲಿಮೀಟರನ್ನೂ ಇಟ್ಟು ಓದಿಕೊಳ್ಳಬಹುದು.

ಹಂತ 1: ಯಾರ ಮಾತು ಎಲ್ಲಿ ನಡೆಯುತ್ತದೆ ಎಂದು ತಿಳಿಯಿರಿ

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಸಹ ಅಧ್ಯಕ್ಷರು. ಕಲಂ 31ರಡಿ ಜಿಲ್ಲಾ ಯೋಜನೆ ಬರೆಯಬೇಕು, ಅದನ್ನು ಪ್ರತಿ ವರ್ಷ ಪರಿಶೀಲಿಸಿ ಹೊಸದಾಗಿಸಬೇಕು. ಕಲಂ 41 ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳಿಗೂ ಹೊಣೆ ಕೊಡುತ್ತದೆ: ಸಿಬ್ಬಂದಿಗೆ ತರಬೇತಿ ಆಗಿರಬೇಕು, ಸಾಮಾನು ಬಳಕೆಗೆ ಸಿದ್ಧ ಇರಬೇಕು. ವಾಹನ, ಕಟ್ಟಡ ಬೇಕಾದರೆ ವಶಕ್ಕೆ ಪಡೆಯುವ ಅಧಿಕಾರ ಕಲಂ 65ರಲ್ಲಿದೆ. ಪಡೆದದ್ದಕ್ಕೆ ಪರಿಹಾರ ಕೊಡಬೇಕು ಎಂದು ಕಲಂ 66 ಹೇಳುತ್ತದೆ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಕೆಲಸ ಕೊಡುವ ಸಾಲು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ), ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಪಿಡಿಒ ಎಂದು ಇಳಿಯುತ್ತದೆ. ವಿಪತ್ತಿನ ಸಾಲು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರ್, ಗ್ರಾಮ ಆಡಳಿತ ಅಧಿಕಾರಿ ಎಂದು ಇಳಿಯುತ್ತದೆ. ಎರಡು ಸಾಲೂ ಒಂದೇ ಊರಿನಲ್ಲಿ ಮುಗಿಯುತ್ತವೆ, ನಡುವೆ ಮಾತ್ರ ಸೇರುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಅವನ್ನು ಸೇರಿಸುವವರು ಇಬ್ಬರೇ: ತಹಶೀಲ್ದಾರ್ ಮತ್ತು ಇಒ. ಇವರಿಬ್ಬರೂ ಸಹಿ ಹಾಕಿದ ಒಂದು ಪುಟದ ಜಂಟಿ ಸುತ್ತೋಲೆ ಇರಲಿ. ಅದಿಲ್ಲದಿದ್ದರೆ ಮುಂದಿನ ಯಾವ ಹಂತವೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಹಂತ 2: ಅಕ್ಟೋಬರ್‌ನಲ್ಲೇ ಶುರು ಮಾಡಿ

ನೆರೆ ಸಿದ್ಧತೆ ಸಭೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುತ್ತದೆ. ಉದ್ಯೋಗ ಖಾತ್ರಿಯ ಮುಂದಿನ ವರ್ಷದ ಕ್ರಿಯಾ ಯೋಜನೆಯ ಗ್ರಾಮಸಭೆಗಳು ಅಕ್ಟೋಬರ್ 2ರ ಸುತ್ತ ಶುರುವಾಗುತ್ತವೆ. ಮೇನಲ್ಲಿ ಕುಳಿತು ಹಳ್ಳದ ಹೂಳು ತೆಗೆಯಬೇಕು ಎಂದರೆ ಆ ಕೆಲಸ ಕ್ರಿಯಾ ಯೋಜನೆಯಲ್ಲೇ ಇರುವುದಿಲ್ಲ. ಎರಡು ಸಭೆಗಳ ನಡುವಿನ ಆರೇಳು ತಿಂಗಳ ಈ ಅಂತರವೇ ನಮ್ಮ ದೊಡ್ಡ ನಷ್ಟ ಎನ್ನುವುದು ನನ್ನ ಅನುಭವ.

ಹಾಗಾಗಿ ಅಕ್ಟೋಬರ್ ಗ್ರಾಮಸಭೆಗೆ ಕಂದಾಯ ಮತ್ತು ನೀರಾವರಿ ಇಲಾಖೆಯವರನ್ನು ಕರೆಯಿರಿ. ಆಗಸ್ಟ್‌ನ ನೀರು ಎಲ್ಲಿ ನಿಂತಿತ್ತು ಎಂಬುದು ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿರುತ್ತದೆ. ಯಾವ ಹಳ್ಳ ಕಟ್ಟಿಕೊಂಡಿತು, ಯಾವ ದಾರಿ ಮೊದಲು ಮುಳುಗಿತು, ಯಾವ ಓಣಿಯಿಂದ ನೀರು ಹೊರಗೆ ಹೋಗಲಿಲ್ಲ, ಎಲ್ಲವನ್ನೂ ಊರವರಿಂದಲೇ ಬರೆಸಿಕೊಳ್ಳಿ. ಹಳ್ಳ, ನಾಲೆಗಳ ಹೂಳೆತ್ತುವುದು, ನೀರು ನಿಲ್ಲುವ ಜಾಗಕ್ಕೆ ಕಾಲುವೆ ತೋಡುವುದು, ಎತ್ತರದ ಜಾಗಕ್ಕೆ ಹೋಗುವ ದಾರಿ ಗಟ್ಟಿ ಮಾಡುವುದು ಉದ್ಯೋಗ ಖಾತ್ರಿಯ ಚೌಕಟ್ಟಿನೊಳಗೆ ಬರುವ ಕೆಲಸಗಳೇ.

ಇಲ್ಲೊಂದು ಮುಖ್ಯ ಮಾತು. ನರೇಗಾ ಎಂದು ನಾವೆಲ್ಲ ಕರೆಯುವ 2005ರ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ 100 ದಿನದ ಬದಲು 125 ದಿನ ಕೆಲಸದ ಖಾತ್ರಿ ಇದೆ. ಹವಾಮಾನದ ಹೊಡೆತ ತಗ್ಗಿಸುವ ಕೆಲಸಗಳನ್ನು ನಾಲ್ಕು ಮುಖ್ಯ ವಿಭಾಗಗಳಲ್ಲಿ ಒಂದಾಗಿ ಸೇರಿಸಿದ್ದಾರೆ. ಬಿತ್ತನೆ ಮತ್ತು ಕೊಯ್ಲಿನ ಹೊತ್ತಿಗೆ ವರ್ಷಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸಲೂ ಅವಕಾಶ ಇದೆ. ಅಂದರೆ ಜೂನ್‌ನಲ್ಲಿ ಮಾಡಿದರಾಯಿತು ಎಂದು ಕೂರುವಂತಿಲ್ಲ. ಜನವರಿಯಿಂದ ಮೇವರೆಗಿನ ಐದು ತಿಂಗಳೇ ನಿಮ್ಮ ಹಂಗಾಮು. ಯಾವ ಕೆಲಸ ಯಾವ ನಿಯಮದಡಿ ಬರುತ್ತದೆ ಎಂದು ತಾಲ್ಲೂಕು ಪಂಚಾಯಿತಿಯಲ್ಲಿ ಆಯಾ ವರ್ಷವೇ ಕೇಳಿ ಖಚಿತ ಮಾಡಿಕೊಳ್ಳಿ.

ಕೆಲಸದ ಆದ್ಯತೆಯನ್ನು ಜೆಸಿಬಿ ಇರುವವರು ನಿರ್ಧರಿಸದಂತೆ ನೋಡಿಕೊಳ್ಳಿ. ಕೂಲಿ ಕೆಲಸವನ್ನು ಯಂತ್ರ ನುಂಗಬಾರದು ಎಂದೇ ನರೇಗಾದಲ್ಲಿ ಗುತ್ತಿಗೆದಾರರಿಗೆ ಜಾಗ ಇರಲಿಲ್ಲ. ಹಳ್ಳ ತೋಡಿದ ಕೈಗೆ ಆ ಹಳ್ಳದ ಗುಣ ಗೊತ್ತಿರುತ್ತದೆ. ಜುಲೈನಲ್ಲಿ ನೀರು ಎಲ್ಲಿ ಏರುತ್ತಿದೆ ಎಂದು ಮೊದಲು ಬಂದು ಹೇಳುವವರು ಅವರೇ.

ಹಂತ 3: ಕೈಗಳ ಪಟ್ಟಿ

ಇದು ಇಡೀ ಕೆಲಸದ ಬೇರು. ಆರಾಮಾಗಿ ಕುಳಿತು ಮಾಡಿ. ಒಂದು ಪಂಚಾಯಿತಿಗೆ ಒಂದು ವಾರವಾದರೂ ಬೇಕು.

ಮೊದಲು ಎಲ್ಲ ರಿಜಿಸ್ಟರ್‌ಗಳನ್ನೂ ಒಂದು ಟೇಬಲ್ ಮೇಲೆ ತನ್ನಿ. ಪಿಡಿಒ ಬಳಿ ಜಾಬ್ ಕಾರ್ಡ್ ಪಟ್ಟಿ, ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ಕಾಯಕ ಬಂಧುಗಳ ಹೆಸರು ಇರುತ್ತವೆ. ಸಂಜೀವಿನಿ ಒಕ್ಕೂಟದಲ್ಲಿ ಸ್ವಸಹಾಯ ಸಂಘಗಳ ಪಟ್ಟಿ ಸಿಗುತ್ತದೆ. ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿತ ಕಟ್ಟಡ ಕಾರ್ಮಿಕರ ಹೆಸರುಗಳಿವೆ. ಹತ್ತಿರದ ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ಡೀಸೆಲ್ ಮೆಕ್ಯಾನಿಕ್ ಕಲಿತ ಹುಡುಗರಿದ್ದಾರೆ. ಕಂದಾಯ ಇಲಾಖೆ ಬಳಿ ವಿಪತ್ತಿಗೆಂದು ತರಬೇತಿ ಪಡೆದ ಸ್ವಯಂಸೇವಕರಾದ ಆಪದ ಮಿತ್ರರ ಪಟ್ಟಿ ಇರುತ್ತದೆ. ಗೃಹರಕ್ಷಕ ದಳ, ಆಶಾ, ಅಂಗನವಾಡಿ, ವಿದ್ಯುತ್ ಪೂರೈಸುವ ಹೆಸ್ಕಾಂ ಪವರ್‌ಮ್ಯಾನ್‌ಗಳ ಹೆಸರು ಬೇರೆಯೇ ಇರುತ್ತವೆ.

ಇವನ್ನೆಲ್ಲ ಒಂದರ ಕೆಳಗೆ ಒಂದು ಸುಮ್ನೆ ಅಂಟಿಸಬೇಡಿ. ಊರಿನ ಪ್ರಕಾರ, ಓಣಿಯ ಪ್ರಕಾರ ಬರೆಯಿರಿ. ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ಸಾಕು: ಏನು ಬರುತ್ತದೆ, ಯಾವ ತಿಂಗಳು ಊರಲ್ಲಿ ಇರುತ್ತಾರೆ, ಎರಡು ಫೋನ್ ನಂಬರ್, ಅವರ ಸ್ವಂತ ಮನೆ ಮುಳುಗಡೆ ಜಾಗದಲ್ಲಿದೆಯೇ. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ತನ್ನ ಮನೆಯೊಳಗೆ ನೀರು ಬರುತ್ತಿರುವಾಗ ಯಾರೂ ಇನ್ನೊಬ್ಬರ ಮನೆಗೆ ಓಡಲಾರರು. ಅದು ತಪ್ಪೂ ಅಲ್ಲ. ಅಂಥವರನ್ನು ಮುಂಚೂಣಿಯ ಕೆಲಸಕ್ಕೆ ಹಾಕದೆ, ಅವರ ಮನೆಯವರನ್ನು ಮೊದಲು ಸಾಗಿಸುವ ವ್ಯವಸ್ಥೆ ಮಾಡಿ.

ಎರಡನೆಯದೂ ಅಷ್ಟೇ ಮುಖ್ಯ. ನಮ್ಮ ಕಡೆ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಜನ ಮಹಾರಾಷ್ಟ್ರ, ಗೋವಾ, ಬೆಂಗಳೂರಿಗೆ ಹೋಗುತ್ತಾರೆ. ಜಾಬ್ ಕಾರ್ಡಿನಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆಗಸ್ಟ್‌ನಲ್ಲಿ ಆ ಮನುಷ್ಯ ಊರಲ್ಲಿ ಇರುತ್ತಾನೆ ಎಂದಲ್ಲ. ಬಿತ್ತನೆಗೆ ಬಂದವರು ಎಷ್ಟು ದಿನ ಉಳಿಯುತ್ತಾರೆ ಎಂದು ಕಾರಹುಣ್ಣಿಮೆ ಹೊತ್ತಿಗೆ ಒಮ್ಮೆ ವಿಚಾರಿಸಿ ಪಟ್ಟಿ ತಿದ್ದಿ.

ಮತ್ತೆ, ಯಾವ ರಿಜಿಸ್ಟರಿನಲ್ಲೂ ಇಲ್ಲದವರು ಇರುತ್ತಾರೆ. ಅಂಬಿಗರು ಮೊದಲನೆಯವರು. ಹೊಳೆಯ ಸೆಳವು ಎಲ್ಲಿದೆ, ಸುಳಿ ಎಲ್ಲಿದೆ ಎಂದು ಅವರಿಗೆ ಗೊತ್ತಿರುವಷ್ಟು ಹೊರಗಿನಿಂದ ಬಂದ ಬೋಟಿನವರಿಗೆ ಗೊತ್ತಿರುವುದಿಲ್ಲ. ಮೀನು ಹಿಡಿಯುವವರು, ಟ್ರ್ಯಾಕ್ಟರ್ ಇರುವವರು, ನಿವೃತ್ತ ಸೈನಿಕರು, ಸೂಲಗಿತ್ತಿಯರು ಇದ್ದಾರೆ. ಒಬ್ಬೊಬ್ಬರ ಮನೆಗೆ ಹೋಗಿ ಕೇಳಿ, ಒಪ್ಪಿದರೆ ಮಾತ್ರ ಬರೆದುಕೊಳ್ಳಿ.

ಪಟ್ಟಿಯ ಇನ್ನೊಂದು ಬದಿಯಲ್ಲಿ ಸಹಾಯ ಬೇಕಾದವರ ಹೆಸರು ಇರಲಿ. ಹಾಸಿಗೆ ಹಿಡಿದವರು, ಬಸುರಿಯರು, ಬಾಣಂತಿಯರು, ಅಂಗವಿಕಲರು, ಡಯಾಲಿಸಿಸ್‌ಗೆ ಹೋಗುವವರು, ಒಂಟಿ ಮುದುಕರು. ಈ ವಿವರ ಆಶಾ ಕಾರ್ಯಕರ್ತೆಯ ಬಾಯಲ್ಲೇ ಇರುತ್ತದೆ. ಪ್ರತಿ ಹೆಸರಿಗೆ ಇಬ್ಬರು ಕೈಜೋಡಿಸುವವರನ್ನು ಗೊತ್ತು ಮಾಡಿ. ಪಂಚಮಿಗೆ ಬರುವ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹಬ್ಬದ ವಾರ ಪಡಿತರ ಚೀಟಿಯ ಸಂಖ್ಯೆಗಿಂತ ಜನ ಜಾಸ್ತಿಯೇ ಇರುತ್ತಾರೆ.

ಈ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕಾಯಿಲೆಯ ವಿವರ ಎಲ್ಲರ ಫೋನಿಗೂ ಹೋಗಬಾರದು, ಅಲ್ವಾ? ಮೂರು ಕಾಗದದ ಪ್ರತಿ ಮಾಡಿ ಪಿಡಿಒ, ಗ್ರಾಮ ಆಡಳಿತ ಅಧಿಕಾರಿ ಮತ್ತು ತಾಲ್ಲೂಕಿನ ನಿಯಂತ್ರಣ ಕೊಠಡಿಯಲ್ಲಿ ಇಡಿ. ಕರೆಂಟ್ ಹೋಗಿ ಟವರ್ ಬಿದ್ದಾಗ ಕಾಗದವೇ ಕೈಹಿಡಿಯುವುದು.

ಹಂತ 4: ಮಾತನ್ನು ನೀರಿನ ಮಟ್ಟಕ್ಕೆ ಕಟ್ಟಿಹಾಕಿ

‘ಪರಿಸ್ಥಿತಿ ನೋಡಿಕೊಂಡು ಕ್ರಮ ಕೈಗೊಳ್ಳುವುದು’ ಎಂಬ ಸಾಲು ನಿಮ್ಮ ಯೋಜನೆಯಲ್ಲಿದ್ದರೆ ಹೊಡೆದು ಹಾಕಿ. ಅದರ ಜಾಗದಲ್ಲಿ ಸಂಖ್ಯೆ ಬರೆಯಿರಿ.

ಚಿಕ್ಕೋಡಿ ಕಡೆಯವರಿಗೆ ಇದು ಮಳೆಗಾಲದ ದಿನನಿತ್ಯದ ಲೆಕ್ಕ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ದೂಧಗಂಗಾದಿಂದ ಎಷ್ಟು ಕ್ಯೂಸೆಕ್, ಎರಡೂ ಸೇರಿ ಕಲ್ಲೋಳದ ಬಳಿ ಕೃಷ್ಣೆಗೆ ಎಷ್ಟು. ಏರುತ್ತಾ ಹೋದರೆ ಕಲ್ಲೋಳ–ಯಡೂರ ಸೇತುವೆಯಂಥ ಕೆಳಮಟ್ಟದ ಸೇತುವೆಗಳು ಮೊದಲು ಮುಳುಗುತ್ತವೆ. ಮೇಲೆ ಕೊಯ್ನಾ ಜಲಾಶಯ, ಕೆಳಗೆ ಹಿಪ್ಪರಗಿ ಬ್ಯಾರೇಜ್, ಅದರ ಕೆಳಗೆ ಆಲಮಟ್ಟಿ. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್. ಘಟಪ್ರಭೆಗೆ ಹಿಡಕಲ್ ಜಲಾಶಯ, ಮಲಪ್ರಭೆಗೆ ನವಿಲುತೀರ್ಥ ಜಲಾಶಯ.

ನಿಮ್ಮ ಊರಿಗೆ ಮೂರು ಸಂಖ್ಯೆ ಬೇಕು. ಯಾವ ಮಟ್ಟಕ್ಕೆ ದನಕರು ಎತ್ತರಕ್ಕೆ ಹೋಗಬೇಕು, ಯಾವ ಮಟ್ಟಕ್ಕೆ ಮುದುಕರು, ಮಕ್ಕಳು ಹೊರಡಬೇಕು, ಯಾವ ಮಟ್ಟಕ್ಕೆ ಎಲ್ಲರೂ ಊರು ಬಿಡಬೇಕು. ಈ ಸಂಖ್ಯೆಗಳನ್ನು ಪುಸ್ತಕದಲ್ಲಿ ಹುಡುಕಬೇಡಿ. 2019ರಲ್ಲಿ, ಆಮೇಲಿನ ವರ್ಷಗಳಲ್ಲಿ ಯಾವ ದಿನ ಎಷ್ಟು ನೀರು ಬಿಟ್ಟಿದ್ದರು, ನಿಮ್ಮ ಊರಿನ ಯಾವ ಗುರುತಿಗೆ ಯಾವಾಗ ನೀರು ಮುಟ್ಟಿತು ಎಂದು ನೀರಾವರಿ ನಿಗಮದ ದಾಖಲೆಯನ್ನೂ ಊರವರ ನೆನಪನ್ನೂ ಜೋಡಿಸಿ. ಆಗ ಮೇಲಿನ ನೀರು ನಿಮ್ಮಲ್ಲಿಗೆ ಬರಲು ಎಷ್ಟು ಗಂಟೆ ಬೇಕು ಎಂದೂ ತಿಳಿಯುತ್ತದೆ. ಗುಡಿಯ ಮೆಟ್ಟಿಲಿಗೋ ಶಾಲೆಯ ಗೋಡೆಗೋ ಹಳದಿ, ಕಿತ್ತಳೆ, ಕೆಂಪು ಪಟ್ಟಿ ಬಳಿಯಿರಿ. ಓದು ಬಾರದವರಿಗೂ ಅದು ಅರ್ಥವಾಗುತ್ತದೆ.

ಮಳೆಯ ಮಾಹಿತಿಗೆ ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಸಂಸ್ಥೆ ಅದು. ಈಗ ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ, ವರುಣಮಿತ್ರ ಸಹಾಯವಾಣಿಯೂ ಇದೆ. ಕೇಂದ್ರ ಸರ್ಕಾರದ ಸಚೇತ್ ಆ್ಯಪ್‌ನಲ್ಲೂ ಎಚ್ಚರಿಕೆ ಬರುತ್ತದೆ.

ನದಿಗೆ ರಾಜ್ಯದ ಗಡಿ ಗೊತ್ತಿಲ್ಲ. ಸಾಂಗ್ಲಿ, ಕೊಲ್ಹಾಪುರದ ನೀರಾವರಿ ಎಂಜಿನಿಯರ್‌ಗಳ ಜೊತೆ ಬೆಳಗಾವಿ ಜಿಲ್ಲೆಯವರ ಮಾತುಕತೆ ದೊಡ್ಡ ಮಟ್ಟದಲ್ಲಿ ನಡೆಯುತ್ತದೆ. ಆದರೆ ತಾಲ್ಲೂಕು ಮಟ್ಟದಲ್ಲೂ ಆಚೆ ದಂಡೆಯ ತಹಸೀಲಿನ ಒಬ್ಬರ ನಂಬರ್ ನಿಮ್ಮ ಬಳಿ ಇರಲಿ. ಮೇ ತಿಂಗಳಲ್ಲೇ ಒಮ್ಮೆ ಹೋಗಿ ಮುಖ ನೋಡಿ ಚಹಾ ಕುಡಿದು ಬನ್ನಿ. ರಾತ್ರಿ ಎರಡಕ್ಕೆ ಫೋನ್ ಮಾಡಿದಾಗ ಎತ್ತುವವರು ಪರಿಚಯ ಇದ್ದವರೇ.

ಹಂತ 5: ತರಬೇತಿ

ಆಪದ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನದ ತರಬೇತಿ ಇದೆ. ನಿಮ್ಮ ಪಟ್ಟಿಯಲ್ಲಿರುವ ಅಂಬಿಗರು, ಕಾಯಕ ಬಂಧುಗಳು, ಐಟಿಐ ಮುಗಿಸಿದವರ ಹೆಸರನ್ನು ಜಿಲ್ಲೆಗೆ ಕಳಿಸಿ. ಕಾಲೇಜು ಹುಡುಗರ ಹೆಸರಷ್ಟೇ ಹೋದರೆ ಮಳೆಗಾಲದಲ್ಲಿ ಅವರು ಹಾಸ್ಟೆಲ್‌ನಲ್ಲಿ ಇರುತ್ತಾರೆ.

ಒಂದು ತೊಂದರೆ ಮೊದಲೇ ಗೊತ್ತಿರಲಿ. ದಿನಗೂಲಿ ಬಿಟ್ಟು 12 ದಿನ ತರಬೇತಿಗೆ ಬರುವುದು ಬಡವರಿಗೆ ಸುಲಭವಲ್ಲ. ಭತ್ಯೆ ಎಷ್ಟು, ಯಾವಾಗ ಸಿಗುತ್ತದೆ ಎಂದು ಮೊದಲೇ ತಿಳಿದು ಅವರಿಗೆ ಸರಿಯಾಗಿ ಹೇಳಿ. ಬಿತ್ತನೆಗೆ ಮುಂಚೆ ದಿನ ಗೊತ್ತು ಮಾಡಿ. ಊರಿನ ಮಟ್ಟದಲ್ಲಿ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಅರ್ಧ ದಿನದ ಅಭ್ಯಾಸ ಮಾಡಿಸಿದರೂ ಬಹಳ ಅನುಕೂಲ: ಹಗ್ಗ ಕಟ್ಟುವುದು, ಖಾಲಿ ಕ್ಯಾನುಗಳಿಂದ ತೇಲುವ ಸಾಧನ ಮಾಡುವುದು, ಮುಳುಗಿದವರಿಗೆ ಪ್ರಥಮ ಚಿಕಿತ್ಸೆ.

ಹಂತ 6: ದುಡ್ಡು ಯಾವ ಖಾತೆಯಿಂದ?

ಇಲ್ಲಿ ತಪ್ಪಿದರೆ ನಂಬಿಕೆ ಹೋಗುತ್ತದೆ. ನಾನು ನೋಡಿದ ಒಂದು ಊರಿನಲ್ಲಿ ಸಂಘದ ಮಹಿಳೆಯರು ನೆರೆ ಸಂತ್ರಸ್ತರು ತಂಗುವ ಕಾಳಜಿ ಕೇಂದ್ರದಲ್ಲಿ ಹಗಲು ರಾತ್ರಿ ಅಡುಗೆ ಮಾಡಿದರು. ಅವರಿಗೆ ಹಣ ಕೊಡುವವರು ಯಾರು ಎಂದು ಕೇಳಿದಾಗ ಎರಡು ಕಚೇರಿಗಳು ಪರಸ್ಪರ ಬೆರಳು ತೋರಿಸಿದವು. ಹಣ ಬರುವ ಹೊತ್ತಿಗೆ ಮುಂದಿನ ಮಳೆಗಾಲ ಹತ್ತಿರ ಬಂದಿತ್ತು. ಆಮೇಲೆ ಅವರನ್ನು ಮತ್ತೆ ಕರೆಯಲು ನನಗೇ ಬಾಯಿ ಬರಲಿಲ್ಲ.

ಹಾಗಾಗಿ ಗೆರೆ ಸ್ಪಷ್ಟ ಇರಲಿ. ಮಳೆಗೆ ಮುಂಚಿನ ಹೂಳೆತ್ತುವ, ಕಾಲುವೆ ತೋಡುವ ಕೆಲಸದ ಕೂಲಿ ಉದ್ಯೋಗ ಯೋಜನೆಯದು. ನೆರೆಯ ದಿನ ಜನರನ್ನು ಸಾಗಿಸುವುದು, ದೋಣಿ ಬಾಡಿಗೆ, ಕಾಳಜಿ ಕೇಂದ್ರದ ಊಟ, ದನಗಳ ಮೇವು ವಿಪತ್ತು ಪರಿಹಾರ ನಿಧಿಯ ನಿಯಮದಡಿ ಜಿಲ್ಲಾಡಳಿತದ ಖರ್ಚು. ನೆರೆ ಕೆಲಸ ಮಾಡಿದವರ ಹೆಸರನ್ನು ಕೂಲಿ ಹಾಜರಿ ಪಟ್ಟಿಯಲ್ಲಿ (ಎನ್‌ಎಂಆರ್) ಹೂಳೆತ್ತಿದವರೆಂದು ಬರೆಯಬೇಡಿ. ಒಳ್ಳೆಯ ಉದ್ದೇಶದಿಂದ ಬರೆದರೂ ಅದು ಸುಳ್ಳು ಹಾಜರಿ. ಸಾಮಾಜಿಕ ಪರಿಶೋಧನೆಯಲ್ಲಿ ಸಿಕ್ಕಿಬಿದ್ದರೆ ತೊಂದರೆ ಆಗುವುದು ಆ ಕೂಲಿಕಾರರಿಗೂ ಕಾಯಕ ಬಂಧುವಿಗೂ.

ಮೇ ತಿಂಗಳಲ್ಲೇ ತಹಶೀಲ್ದಾರ್ ಕಚೇರಿಯಿಂದ ದರಪಟ್ಟಿ ಮಾಡಿಸಿ: ಒಂದು ಊಟಕ್ಕೆ ಎಷ್ಟು, ಒಂದು ದೋಣಿಗೆ ದಿನಕ್ಕೆ ಎಷ್ಟು, ಟ್ರ್ಯಾಕ್ಟರ್ ಬಾಡಿಗೆ ಎಷ್ಟು. ಒಕ್ಕೂಟದ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ, ಬ್ಯಾಂಕ್ ಖಾತೆ ವಿವರ ಆಗಲೇ ತೆಗೆದುಕೊಳ್ಳಿ. ತರಬೇತಿಗೆ, ಸಿದ್ಧತೆಗೆ ಹಣವಿಲ್ಲ ಎಂದು ಯಾರಾದರೂ ಹೇಳಿದರೆ ನೆನಪಿಸಿ: 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ರಾಜ್ಯದ ವಿಪತ್ತು ನಿಧಿಯಲ್ಲಿ ಶೇ 10ರಷ್ಟನ್ನು ಸಿದ್ಧತೆ ಮತ್ತು ಸಾಮರ್ಥ್ಯ ಹೆಚ್ಚಿಸುವುದಕ್ಕೇ ಗುರುತಿಸಿತ್ತು. ಅಪಾಯ ತಗ್ಗಿಸುವ ಕೆಲಸಗಳಿಗೆ ಬೇರೆಯೇ ಶೇ 20 ಇತ್ತು.

ಹಂತ 7: ಕಾಳಜಿ ಕೇಂದ್ರ ಮತ್ತು ದನಕರು

ದನಗಳನ್ನು ಬಿಟ್ಟು ರೈತರು ಬರುವುದಿಲ್ಲ. ಎಷ್ಟು ಮೈಕಿನಲ್ಲಿ ಕೂಗಿದರೂ ಬರುವುದಿಲ್ಲ. ಎಮ್ಮೆ, ಎತ್ತು ಕಟ್ಟಲು ಜಾಗ, ಮೇವು, ನೀರು, ಪಶು ವೈದ್ಯರು ಮೊದಲು ಸಿದ್ಧವಾದರೆ ಜನ ತಾವಾಗಿಯೇ ಹೊರಡುತ್ತಾರೆ. ಆದ್ದರಿಂದ ಮೇವಿನ ಜಾಗವನ್ನು ಮನುಷ್ಯರ ಕೇಂದ್ರದ ಪಕ್ಕದಲ್ಲೇ ಆರಿಸಿ.

ಕೇಂದ್ರಕ್ಕೆ ಆರಿಸಿದ ಶಾಲೆ, ಕಲ್ಯಾಣ ಮಂಟಪಗಳನ್ನು ಏಪ್ರಿಲ್‌ನಲ್ಲೇ ನೋಡಿ ಬನ್ನಿ. ಶೌಚಾಲಯಕ್ಕೆ ಬಾಗಿಲು, ಚಿಲಕ ಇದೆಯೇ? ನೀರು ಬರುತ್ತದೆಯೇ? ವೈರಿಂಗ್ ಸರಿ ಇದೆಯೇ? ಈ ರಿಪೇರಿಗೆ ನಿಮ್ಮ ಪಟ್ಟಿಯಲ್ಲಿರುವ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳನ್ನೇ ಕರೆಯಿರಿ. ಮಳೆಗಾಲದಲ್ಲಿ ಮತ್ತೆ ಬರಬೇಕಾದವರು ಅವರೇ. ಬಾಣಂತಿಯರಿಗೆ, ಹೆಣ್ಣುಮಕ್ಕಳಿಗೆ ಒಂದು ಕೋಣೆ ಬೇರೆ ಇರಲಿ. ಅಲ್ಲಿಯ ಮೇಲ್ವಿಚಾರಣೆಗೆ ಅಂಗನವಾಡಿ ಕಾರ್ಯಕರ್ತೆಯೇ ಸರಿ.

ಎಚ್ಚರಿಕೆ ಸಾರಲು ಪಂಚಾಯಿತಿಯ ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿ ಬಳಸಿ. ಅದಕ್ಕೆ ಮೈಕ್ ಇರುತ್ತದೆ, ದಿನಾ ಓಣಿ ಓಣಿ ತಿರುಗುತ್ತದೆ, ಓಡಿಸುವ ಅಕ್ಕನ ದನಿ ಎಲ್ಲರಿಗೂ ಗೊತ್ತು. ಗಾಡಿ ಹೋಗದ ತೋಟದ ಮನೆಗಳಿಗೆ ಡಂಗುರ.

ಹಂತ 8: ಜೂನ್ ಮೊದಲ ವಾರ ಒಂದು ಅಣಕು ಕಾರ್ಯಾಚರಣೆ

ಫೋಟೊಗಾಗಿ ಮಾಡಬೇಡಿ. ದಿನ ಹೇಳದೆ ಒಂದು ಬೆಳಗ್ಗೆ ಪಟ್ಟಿಯಲ್ಲಿರುವ ಎಲ್ಲರಿಗೂ ಫೋನ್ ಮಾಡಿ. ಎಷ್ಟು ಜನ ಎತ್ತಿದರು, ಎಷ್ಟು ಹೊತ್ತಿಗೆ ಸೇರಿದರು, ಬೋಟಿನ ಇಂಜಿನ್ ಶುರುವಾಯಿತೇ, ಲೈಫ್ ಜಾಕೆಟ್ ಎಷ್ಟಿವೆ ಎಂದು ಬರೆದುಕೊಳ್ಳಿ. ಹಾಸಿಗೆ ಹಿಡಿದ ಒಬ್ಬರ ಮನೆಯಿಂದ ಕೇಂದ್ರದವರೆಗೆ ಖಾಲಿ ಸ್ಟ್ರೆಚರ್ ಹೊತ್ತು ನಡೆದು ನೋಡಿ. ಮನೆಯ ಬಾಗಿಲು ಎಷ್ಟು ಕಿರಿದು, ಓಣಿಯ ತಿರುವು ಎಷ್ಟು ಇಕ್ಕಟ್ಟು ಎಂದು ಆಗಲೇ ಗೊತ್ತಾಗುವುದು. ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೂ 112ಕ್ಕೂ ಪರೀಕ್ಷೆ ಎಂದು ಮೊದಲೇ ತಿಳಿಸಿ.

ಹಂತ 9: ನೀರು ಇಳಿದ ಮೇಲೆ

ಮೊದಲ ಎರಡು ವಾರ ಎಲ್ಲರ ಕಣ್ಣೂ ಪರಿಹಾರದ ಸಮೀಕ್ಷೆಯ ಮೇಲೆ ಇರುತ್ತದೆ. ಆಗ ಕೂಲಿಕಾರರ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. ಹೊಲದಲ್ಲಿ ಕೆಲಸ ಇಲ್ಲ, ಕಬ್ಬು ಕೊಳೆತಿದೆ. ಕೆಲಸ ಕೇಳುವ ಅರ್ಜಿಗಳನ್ನು ಕಾಳಜಿ ಕೇಂದ್ರದಲ್ಲೇ ತೆಗೆದುಕೊಳ್ಳಿ. ಊರಿನ ಕೆಸರು ತೆಗೆಯುವುದು, ಕೊಚ್ಚಿಹೋದ ಹೊಲದ ಬದು, ದಾರಿ, ಚರಂಡಿ ಸರಿ ಮಾಡುವ ಕೆಲಸಗಳನ್ನು ಕ್ರಿಯಾ ಯೋಜನೆಯಲ್ಲಿ ಮೊದಲೇ ಸೇರಿಸಿಟ್ಟಿದ್ದರೆ ಒಂದೇ ವಾರದಲ್ಲಿ ಕೆಲಸ ಶುರು ಮಾಡಬಹುದು. ಜಾಬ್ ಕಾರ್ಡ್, ಪಾಸ್‌ಬುಕ್ ನೀರಿನಲ್ಲಿ ಹೋದವರಿಗೆ ಅಲ್ಲೇ ಹೊಸದು ಕೊಡುವ ಮೇಜು ಹಾಕಿ.

ನೆರೆಯಲ್ಲಿ ದುಡಿದವರ ಬಿಲ್ಲುಗಳನ್ನು ಸೆಪ್ಟೆಂಬರ್ ಮುಗಿಯುವುದರೊಳಗೆ ತೀರಿಸಿ. ಆಮೇಲೆ ಅದೇ ಜನರನ್ನು ಕೂರಿಸಿಕೊಂಡು ಪಟ್ಟಿ ತೆರೆಯಿರಿ. ಯಾವ ನಂಬರ್ ಹತ್ತಲಿಲ್ಲ, ಯಾವ ಓಣಿಗೆ ತಡವಾಯಿತು, ಯಾರನ್ನು ಮರೆತೆವು ಎಂದು ಕೇಳಿ ಪೆನ್ನಿನಿಂದ ತಿದ್ದಿ. ಆ ತಿದ್ದಿದ ಹಾಳೆಗಳೊಂದಿಗೇ ಅಕ್ಟೋಬರ್‌ನ ಗ್ರಾಮಸಭೆಗೆ ಹೋಗಿ.